ಸೋಮವಾರದ ಪಟ್ಟಿ

ಮನೆಯಿಂದ, ಮಹಡಿಯ ಕೋಣೆ
ಭಾನುವಾರ ಬೆಳಗ್ಗೆ, ಹದಿನಾಲ್ಕನೇ ತಾರೀಖು

ಪ್ರೀತಿಯ ದುಂಬೀ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತೆ ಕೇಳಿಸಿತು. ನೀನು ನೆಗಡಿ ಎಂದೆ. ನಿನ್ನ ಕಂಪನಿಯ ಕೀಟದ ಔಷಧಿ ವಾಸನೆಯೇ ಇರಬೇಕೆಂದು ನನಗೆ ಅನುಮಾನ. ಮೂಗು ಬಾಯಿ ಮುಚ್ಚಿಕೊಳ್ಳದೆ ಒಳಗೆ ಕಾಲಿಡಬೇಡ. ಅಳಿಯಂದಿರ ಬೆನ್ನುನೋವು ಹೇಗಿದೆ? ಮರಿಯ ಕಿವಿ ಮತ್ತೆ ತೊಂದರೆ ಕೊಟ್ಟಿಲ್ಲ ತಾನೆ? ಹತ್ತು ತುಂಬಿದವರನ್ನು ಮರಿ ಎಂದು ಕರೆಯಬಾರದೆಂದು ಅವಳೇ ನನಗೆ ತಾಕೀತು ಮಾಡಿದ್ದಾಳೆ. ಕಾಗದದಲ್ಲಿ ಕರೆಯುತ್ತೇನೆ, ಅವಳಿಗೆ ಓದಿ ಹೇಳಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ನನಗೆ ಸಕ್ಕರೆ ಹೆಚ್ಚಿದೆ ಎಂದು ಡಾಕ್ಟರು ಹೇಳಿದ ದಿನವೇ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ. ಹುಡುಕುವುದೇ ವೃತ್ತಿಯಾದವನಿಗೆ ಮನೆಯ ಸಕ್ಕರೆ ಡಬ್ಬಿ ಈ ತನಕ ಸಿಕ್ಕಿಲ್ಲ.

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಮೇಜು ಖಾಲಿ ಮಾಡುವ ಕೆಲಸ ನಡೆದಿದೆ. ನನ್ನ ಕೋಣೆ ನಿನಗೆ ಗೊತ್ತೇ ಇದೆ, ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ನೆಲಮಾಳಿಗೆ, ತಲೆಯ ಮೇಲೆ ಗುಳುಗುಳು ಎನ್ನುವ ಪೈಪುಗಳು, ರಸ್ತೆಯ ಮಟ್ಟದಲ್ಲಿ ಒಂದು ಕಿಟಕಿ. ಅದರಲ್ಲಿ ಜನರ ಕಾಲುಗಳಷ್ಟೇ ಕಾಣುತ್ತವೆ. ಚಪ್ಪಲಿ ನೋಡಿಯೇ ಯಾವ ವಿಭಾಗದ ಮೇಷ್ಟ್ರು ಎಂದು ಹೇಳುವಷ್ಟು ವರ್ಷ ಅಲ್ಲಿ ಕೂತಿದ್ದೇನೆ. ನಿನ್ನ ಅಮ್ಮ ನನ್ನ ಕೆಲಸಕ್ಕೆ ಮದುವೆ ದಲ್ಲಾಳಿತನ ಎಂದು ಹೆಸರಿಟ್ಟಿದ್ದಳಲ್ಲ, ಅದೇನೂ ಸುಳ್ಳಲ್ಲ. ಎಲ್ಲೋ ಒಂದು ಟ್ರಸ್ಟಿಗೋ ಇಲಾಖೆಗೋ ಸಂಶೋಧನೆಗೆ ಅನುದಾನ ಕೊಡುವ ಮನಸ್ಸಿರುತ್ತದೆ. ಇಲ್ಲಿ ಒಬ್ಬ ಮೇಷ್ಟ್ರು ಅದೇ ವಿಷಯ ಹಿಡಿದು ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ಅವರಿಗೆ ಇವರ ಸುಳಿವಿಲ್ಲ, ಇವರಿಗೆ ಅವರ ಸುಳಿವಿಲ್ಲ. ವಾರವೆಲ್ಲ ಅಂಥ ಪ್ರಕಟಣೆಗಳನ್ನು ಹುಡುಕಿ, ಶರತ್ತುಗಳನ್ನು ಜರಡಿ ಹಿಡಿದು, ಸೋಮವಾರ ಬೆಳಗ್ಗೆ ಹತ್ತಕ್ಕೆ ಎಲ್ಲ ಅಧ್ಯಾಪಕರಿಗೂ ಪಟ್ಟಿ ಕಳಿಸುವುದು ನನ್ನ ಕೆಲಸ.

ಆ ಪಟ್ಟಿಯನ್ನು ಯಾರೂ ಓದುವುದಿಲ್ಲ ಎಂದು ನನಗೆ ಮೊದಲ ವರ್ಷವೇ ತಿಳಿದುಹೋಗಿತ್ತು. ಒಮ್ಮೆ ಪರೀಕ್ಷೆ ಮಾಡೋಣವೆಂದು ನಡುವಿನ ಪುಟದಲ್ಲಿ ನನ್ನ ಕಳೆದುಹೋದ ಕೊಡೆಯ ವಿವರ ಸೇರಿಸಿದೆ, ಬಣ್ಣ, ಹಿಡಿಕೆ, ಕೊನೆಯ ಬಾರಿ ಕಂಡ ಜಾಗ ಎಲ್ಲ. ಒಂದು ನರಪಿಳ್ಳೆಯೂ ಕೇಳಲಿಲ್ಲ. ಅದಕ್ಕೇ ಕಾರ್ಡುಗಳನ್ನು ಶುರುಮಾಡಿದ್ದು. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಅವರ ಕೋಣೆಗೆ ಹೋಗಿ, ಒಂದು ಲೋಟ ಚಹಾ ಕುಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದೆ: ಮಿಕ್ಕಿದ್ದೆಲ್ಲ ಬಿಡಿ, ನಿಮಗೆ ನಿಜವಾಗಿ ತಿಳಿಯಬೇಕಾದ್ದು ಏನು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕಾರ್ಡಿನ ಮೇಲೆ ಬರೆದುಕೊಳ್ಳುತ್ತಿದ್ದೆ. ರಸಾಯನಶಾಸ್ತ್ರದವರೊಬ್ಬರು ತುಕ್ಕು ಮೊದಲು ಯಾಕೆ ಅದೇ ಜಾಗದಲ್ಲಿ ಹಿಡಿಯುತ್ತದೆ ಎಂದರು. ಗಣಿತದವರು ಯೋಚಿಸಿ ಹೇಳುತ್ತೇನೆ ಎಂದರು, ಅದನ್ನೇ ಬರೆದುಕೊಂಡೆ, ಹತ್ತೊಂಬತ್ತು ವರ್ಷವಾಯಿತು, ಇನ್ನೂ ಯೋಚಿಸುತ್ತಿದ್ದಾರೆ. ಯಾವುದಾದರೂ ಪ್ರಕಟಣೆ ಓದುವಾಗ ಒಂದು ಕಾರ್ಡು ನೆನಪಾದರೆ ಸಾಕು, ಪಟ್ಟಿಯನ್ನು ನಂಬಿ ಕೂರದೆ ಆ ಕ್ಷಣವೇ ಅವರಿಗೆ ಫೋನ್ ಮಾಡುತ್ತಿದ್ದೆ. ಇಲ್ಲಿ ಯಾರಿಗೆ ಏನೇ ದೊರೆತಿದ್ದರೂ ಆ ಫೋನಿನಿಂದ ದೊರೆತದ್ದು, ಪಟ್ಟಿಯಿಂದಲ್ಲ.

ಮೊನ್ನೆ ಕಾರ್ಡುಗಳ ಡ್ರಾಯರನ್ನು ಎತ್ತಿ ಮೇಜಿನ ಮೇಲೆ ಮಗುಚಿದಾಗ ನಿನ್ನದು ಕೈಗೆ ಬಂತು. ಹೆಸರು, ವಿಭಾಗ, ಕೋಣೆ ಸಂಖ್ಯೆ, ಫೋನ್ ಸಂಖ್ಯೆ. ಅದರ ಕೆಳಗೆ ಏನೂ ಇಲ್ಲ. ಇನ್ನೂರಕ್ಕೂ ಮೇಲ್ಪಟ್ಟ ಕಾರ್ಡುಗಳಲ್ಲಿ ಖಾಲಿ ಇರುವುದು ಅದೊಂದೇ. ನಿನ್ನ ಕೋಣೆಗೆ ಬಂದು ಚಹಾ ಕುಡಿದು ನಾನು ಆ ಪ್ರಶ್ನೆ ಕೇಳಲೇ ಇಲ್ಲ ಮಗಳೇ.

ಯಾಕೆಂದು ನಿನಗೂ ಗೊತ್ತು. ನೀನು ಇಲ್ಲಿ ಕೆಲಸಕ್ಕೆ ಸೇರಿದ ತಿಂಗಳು ಕ್ಯಾಂಟೀನಿನಲ್ಲಿ ಯಾರೋ ನನ್ನ ಬೆನ್ನ ಹಿಂದೆ, 'ಅಪ್ಪ ಹುಡುಕ್ತಾನೆ, ಮಗಳು ತಗೋತಾಳೆ, ಇನ್ನೇನು ಬೇಕು' ಎಂದರು. ಯಾರೆಂದು ತಿರುಗಿಯೂ ನೋಡಲಿಲ್ಲ. ಆ ಒಂದು ಮಾತನ್ನು ಮನೆಗೆ ತಂದು, ಸಾಕಿ ಸಲಹಿ ಆನೆ ಮಾಡಿದೆ. ಪರಿಶೀಲನಾ ಸಮಿತಿಯವರು ಹೊರಗಿನಿಂದ ಬಂದಿದ್ದ ದಿನ ನೆನಪಿದೆಯಾ? ಅವರನ್ನು ವಿಭಾಗದಿಂದ ವಿಭಾಗಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಿನ್ನ ಪ್ರಯೋಗಾಲಯದ ಬಾಗಿಲಲ್ಲಿ ಅವರಲ್ಲಿ ಹಿರಿಯರೊಬ್ಬರು ನನ್ನ ಮುಖ, ನಿನ್ನ ಮುಖ ಎರಡನ್ನೂ ನೋಡಿ, 'ಈ ಮೇಡಂ ನಿಮಗೆ ಏನಾಗಬೇಕು?' ಎಂದು ಕೇಳಿದರು. ಏನೂ ಆಗಬೇಕಿಲ್ಲ ಸಾರ್ ಎಂದುಬಿಟ್ಟೆ. ನೀನು ನಿನ್ನ ಜೇನುಗಳು ಮೊಟ್ಟೆಯಿಡಲೆಂದು ಪೊಳ್ಳು ಕಡ್ಡಿಗಳ ಕಟ್ಟು ಕಟ್ಟುತ್ತಿದ್ದೆ, ತಲೆ ಎತ್ತಲಿಲ್ಲ. ಅವತ್ತು ಊಟಕ್ಕೆ ಕೂತಾಗ ನೀನು ನನಗೆ, 'ಏನೂ ಆಗಬೇಕಿಲ್ಲದವರೇ, ಉಪ್ಪು ಸ್ವಲ್ಪ ಈ ಕಡೆ ಕೊಡ್ತೀರಾ?' ಎಂದೆ. ನಿನ್ನ ಅಮ್ಮ ನಕ್ಕಳು, ನಾನೂ ನಕ್ಕೆ. ನೀನು ನಕ್ಕಿದ್ದೆಯೋ ಇಲ್ಲವೋ ನಾನು ನೋಡಲಿಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಇಷ್ಟು ದೂರ ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಏಳು ವರ್ಷದ ಹಿಂದೆ, ಮರಿಯ ಕಿವಿಗೆ ಶಸ್ತ್ರಚಿಕಿತ್ಸೆಯಾದ ವಾರ, ಒಂದು ಸಣ್ಣ ಟ್ರಸ್ಟಿನ ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. ತೋಟದ ಹುಚ್ಚಿದ್ದ ಯಾರೋ ಹೆಂಗಸು ಬಿಟ್ಟುಹೋದ ಆಸ್ತಿಯಿಂದ ನಡೆಯುವ ಟ್ರಸ್ಟು. ಊರಿನ ಕಟ್ಟಡಗಳ ಸಂದಿಗೊಂದಿಯಲ್ಲಿ ಬದುಕುವ, ಹೂವಿಂದ ಹೂವಿಗೆ ಪರಾಗ ಒಯ್ಯುವ ಕೀಟಗಳನ್ನು ಐದು ವರ್ಷ ಬಿಡದೆ ಗಮನಿಸುವವರಿಗೆ ನೆರವು ಎಂದಿತ್ತು. ನಾನು ಅದನ್ನು ಎರಡು ಸಲ ಓದಿದೆ. ಹಳೆಯ ಮುದ್ರಣಾಲಯದ ಹಿಂದಿನ ಮಣ್ಣಿಟ್ಟಿಗೆ ಗೋಡೆ, ಅದರಲ್ಲಿ ನೀನು ಒಂದೊಂದಕ್ಕೂ ಸಂಖ್ಯೆ ಬರೆದಿದ್ದ ಆರುನೂರು ತೂತುಗಳು, ಅಲ್ಲಿ ರಾಣಿಯೂ ಇಲ್ಲದೆ ಸಂಸಾರವೂ ಇಲ್ಲದೆ ಒಂದೊಂದೇ ಬಂದು ಮೊಟ್ಟೆಯಿಟ್ಟು ಮಣ್ಣಿನಿಂದ ಬಾಯಿ ಮುಚ್ಚಿ ಹೋಗುವ ನಿನ್ನ ಒಂಟಿ ಜೇನುಗಳು, ಎಲ್ಲ ಕಣ್ಣ ಮುಂದೆ ಬಂತು. ನಿನಗೆಂದೇ ಅಳತೆ ತೆಗೆದು ಹೊಲಿದ ಅಂಗಿಯ ಹಾಗಿತ್ತು. ಬೇರೆ ಯಾರದ್ದಾಗಿದ್ದರೂ ಅಷ್ಟು ಹೊತ್ತಿಗೆ ಫೋನ್ ಕಿವಿಯಲ್ಲಿರುತ್ತಿತ್ತು. ನಿನ್ನ ಸಂಖ್ಯೆಯ ಮೊದಲ ಎರಡು ಅಂಕಿ ಒತ್ತಿ ಕೆಳಗಿಟ್ಟೆ. ಆ ವಾರವೇ ತುಕ್ಕಿನ ಮೇಷ್ಟ್ರಿಗೆ ಒಂದಲ್ಲ, ಎರಡು ಸಲ ಫೋನ್ ಮಾಡಿದ್ದೇನೆ.

ಪಟ್ಟಿಯಲ್ಲಿ ಹಾಕಿದೆ, ಅದನ್ನು ಬಿಡಲಿಲ್ಲ. ಮೂರನೇ ಪುಟ, ತೋಟಗಾರಿಕೆ ಎಂಬ ತಲೆಬರಹದ ಕೆಳಗೆ, ಟ್ರಸ್ಟಿನವರು ಹೇಗೆ ಕಳಿಸಿದ್ದರೋ ಹಾಗೇ. ಮಂಗಳವಾರ ಆಸ್ಪತ್ರೆಯಲ್ಲಿ ನಾವಿಬ್ಬರೂ ಆ ಹಸಿರು ಬೆಂಚಿನ ಮೇಲೆ ಕೂತಿದ್ದೆವು. ಮರಿಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಅವಳ ಒಂದು ಚಪ್ಪಲಿ ನಿನ್ನ ಮಡಿಲಲ್ಲಿತ್ತು, ಇನ್ನೊಂದನ್ನು ಬಿಚ್ಚಲು ಬಿಡದೆ ಹಟ ಮಾಡಿ ಹಾಗೇ ಹೋಗಿದ್ದಳು. ಸುಮ್ಮನೆ ಕೂರಲಾರದೆ ನೀನು ಕೇಳಿದೆ: 'ಅಪ್ಪಾ, ಈ ಸಲ ಪಟ್ಟಿಯಲ್ಲಿ ನನಗೇನಾದ್ರೂ ಇದೆಯಾ?' ಹೂಂ ಎಂದಿದ್ದರೆ ಸಾಕಿತ್ತು. ಮೂರನೇ ಪುಟ ನೋಡು ಎಂದಿದ್ದರೆ ಸಾಕಿತ್ತು. ನಾನು, 'ಎಲ್ಲರಿಗೂ ಕಳಿಸಿದ್ದೀನಿ, ನೋಡ್ಕೋ' ಎಂದೆ. ನನ್ನ ಕೊಡೆಯನ್ನೇ ಯಾರೂ ಗಮನಿಸದ ಪಟ್ಟಿ ಅದು. ಮಗು ಆಸ್ಪತ್ರೆಯಲ್ಲಿರುವ ತಾಯಿ ಅದನ್ನು ತೆರೆಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ ಮೇಲೆ ಒಂದು ಥರದ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹತ್ತು ದಿನಕ್ಕೆ ಕೊನೆಯ ದಿನಾಂಕ ಮುಗಿಯಿತು.

ಆಮೇಲಿನದು ನೀನು ಅನುಭವಿಸಿದ್ದು, ನಾನು ಹೇಳಬೇಕಾಗಿಲ್ಲ. ವರ್ಷ ತುಂಬುವಷ್ಟರಲ್ಲಿ, ಅನುದಾನ ತಾರದವರಿಗೆ ಪ್ರಯೋಗಾಲಯವಿಲ್ಲ ಎಂಬ ಸುತ್ತೋಲೆ ಬಂತು. ನಿನ್ನ ಕೋಣೆಯನ್ನು ಬೇರೆಯವರಿಗೆ ಕೊಟ್ಟರು. ನಿನ್ನ ನೇಮಕಾತಿ ಮುಂದುವರಿಯಲಿಲ್ಲ. ನೀನು ಸಾಮಾನು ಕಟ್ಟಿಕೊಂಡು ಆ ಕೀಟನಾಶಕದ ಕಂಪನಿಗೆ ಹೊರಟ ದಿನ, 'ಇಷ್ಟು ದಿನ ಬದುಕಿರೋದನ್ನ ಎಣಿಸಿದೆ, ಇನ್ಮೇಲೆ ಸತ್ತಿದ್ದನ್ನ ಎಣಿಸ್ತೀನಿ, ಎಣಿಕೆ ಎಣಿಕೆನೇ ಅಲ್ವಾ ಅಪ್ಪಾ' ಎಂದು ನಗುತ್ತಾ ಹೇಳಿದೆ. ನಾನು ಪೆಟ್ಟಿಗೆಯ ಹಗ್ಗ ಬಿಗಿಯುತ್ತಿದ್ದೆ, ಬಿಗಿಯುತ್ತಲೇ ಇದ್ದೆ. ಆ ಗೋಡೆಗೆ ಮರುವರ್ಷವೇ ಗಾರೆ ಮೆತ್ತಿ ಬಣ್ಣ ಹೊಡೆದರು. ನಾನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೆ. ನಿನ್ನ ಕಾರ್ಡು ಸಿಕ್ಕ ದಿನ ಮಾತ್ರ ಹೋಗಿ ನೋಡಿದೆ. ನೀರಿನ ಪಂಪಿನ ಹಿಂದೆ ಒಂದು ಚಾಪೆಯಷ್ಟು ಜಾಗ ಗಾರೆಯವರ ಕೈಗೆ ಎಟುಕದೆ ಹಾಗೇ ಉಳಿದಿದೆ. ಅದರಲ್ಲಿ ನಾಲ್ಕು ತೂತುಗಳ ಬಾಯಿಗೆ ಹೊಸ ಮಣ್ಣು ಮೆತ್ತಿತ್ತು. ನಿನ್ನ ಜೇನೋ, ಯಾವುದಾದರೂ ಕಣಜವೋ ನನಗೆ ತಿಳಿಯಲಿಲ್ಲ. ನೀನಿದ್ದಾಗ ಕೇಳಿ ತಿಳಿದುಕೊಂಡಿದ್ದರೆ ತಿಳಿಯುತ್ತಿತ್ತು.

ಇದನ್ನೆಲ್ಲ ನಿನ್ನ ಅಮ್ಮನಿಗೆ ನಿನ್ನೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ, 'ನಿಮಗೆ ಒಳ್ಳೆಯವರು ಅನ್ನಿಸ್ಕೋಬೇಕಿತ್ತು, ಅದಕ್ಕೆ ಅವಳನ್ನ ಬಿಟ್ಟುಕೊಟ್ರಿ' ಎಂದಳು. ಆಮೇಲೆ ಮತ್ತೆ ಮಡಿಸತೊಡಗಿದಳು. ಪ್ರಾಮಾಣಿಕತೆ ಎಂದು ನಾನು ಇಷ್ಟು ವರ್ಷ ಎದೆಯ ಮೇಲೆ ಹಾಕಿಕೊಂಡು ತಿರುಗಿದ್ದು ಅಷ್ಟೇ. ಪ್ರಾಮಾಣಿಕನಾಗಿದ್ದರೆ ಎಲ್ಲರಿಗೂ ಮಾಡಿದ್ದನ್ನೇ ನಿನಗೂ ಮಾಡುತ್ತಿದ್ದೆ. ಬೇರೆಯವರಿಗೆ ಕೊಟ್ಟದ್ದನ್ನು ನಿನಗೆ ಕೊಡದೆ ಇದ್ದದ್ದು ನ್ಯಾಯವಲ್ಲ, ಅದು ಹೆದರಿಕೆ. ಹೊಟ್ಟೆಗೆ ಹಾಕಿಕೋ ಎಂದು ಕೇಳಲು ಬಾಯಿ ಬರುವುದಿಲ್ಲ. ನಿನ್ನ ಆರು ವರ್ಷವನ್ನು ನಾನು ಎಲ್ಲಿ ಹುಡುಕಿದರೂ ತಂದುಕೊಡಲಾರೆ. ನಿನಗೆ ಗೊತ್ತಿರಲಿ ಎಂದಷ್ಟೇ ಬರೆದೆ. ಕೋಪ ಬಂದರೆ ಬರಲಿ, ಅಡಗಿಸಿಕೊಳ್ಳಬೇಡ. ಉಪ್ಪಿನ ಮಾತಿನ ಹಾಗೆ ತಮಾಷೆ ಮಾಡಿ ತೇಲಿಸಲೂ ಬೇಡ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಬೆನ್ನಿಗೆ ಗಟ್ಟಿ ಕುರ್ಚಿ ಒಳ್ಳೆಯದಂತೆ. ಮರಿಗೆ ಒಂದು ಮುತ್ತು, ಬೇಡವೆಂದರೂ ಕೊಡು. ಅಮ್ಮ ಹೆಣೆದ ಸ್ವೆಟರು ಬೇರೆ ಪೊಟ್ಟಣದಲ್ಲಿ ಬರುತ್ತದೆ, ತೋಳು ಉದ್ದವಾಯಿತೆಂದು ಅವಳಿಗೆ ಹೇಳಬೇಡ. ನಿನ್ನ ಗಂಟಲು ಬೇಗ ವಾಸಿಯಾಗಲಿ, ನೂರು ಕಾಲ ಸುಖವಾಗಿ ಬಾಳು.

ಇಂತಿ,
ನಿನ್ನ ಅಪ್ಪ

ತಾ.ಕ.: ಇದನ್ನೇ ಮೊದಲು ಬರೆಯಬೇಕಿತ್ತು. ಅದೇ ಟ್ರಸ್ಟು ಮತ್ತೆ ಅರ್ಜಿ ಕರೆದಿದೆ, ಕೊನೆಯ ದಿನಾಂಕ ಮುಂದಿನ ತಿಂಗಳ ಎರಡು. ವಿಶ್ವವಿದ್ಯಾಲಯ ಬಿಟ್ಟವರೂ ಹಾಕಬಹುದೇ ಎಂದು ಶರತ್ತಿನಲ್ಲಿ ಸ್ಪಷ್ಟವಿರಲಿಲ್ಲ, ಶುಕ್ರವಾರ ಅವರ ಕಚೇರಿಗೇ ಫೋನ್ ಮಾಡಿದೆ. ಯಾವುದಾದರೂ ವಿಭಾಗ ಕೂರಲು ಮೇಜು ಕೊಟ್ಟರೆ ಹಾಕಬಹುದಂತೆ. ನಿಮ್ಮ ಹಳೆಯ ವಿಭಾಗದ ಗಡ್ಡದ ಮೇಷ್ಟ್ರು ಒಪ್ಪಿ ಸಹಿ ಹಾಕಿಕೊಟ್ಟಿದ್ದಾರೆ, ಆ ಪತ್ರವೂ ಅರ್ಜಿಯೂ ಇದರ ಜೊತೆಗಿವೆ. ನಿನ್ನ ಖಾಲಿ ಕಾರ್ಡನ್ನೂ ಇಟ್ಟಿದ್ದೇನೆ. ಬೇಡವೆನಿಸಿದರೆ ಎಲ್ಲವನ್ನೂ ಹರಿದು ಹಾಕು, ಯಾಕೆಂದು ಕೇಳುವುದಿಲ್ಲ. ಗುರುವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ, ಎತ್ತು. ಇನ್ನೊಂದು ಮಾತು. ಆ ಕಚೇರಿಯ ಹೆಂಗಸು ಎಲ್ಲ ವಿವರಿಸಿದ ಮೇಲೆ, 'ಇಷ್ಟೊಂದು ವಿಚಾರಿಸ್ತಿದ್ದೀರಲ್ಲ, ಅವರು ನಿಮಗೆ ಏನಾಗಬೇಕು?' ಎಂದು ಕೇಳಿದಳು. ಪಕ್ಕದ ಮೇಜಿನವರೆಲ್ಲ ಇದ್ದರು, ಬಾಗಿಲೂ ತೆರೆದಿತ್ತು. ಮಗಳು ಎಂದೆ. ಪೈಪಿನ ಸದ್ದಿಗೆ ಅವಳಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.