ಕಾಗೆ ಮುಟ್ಟದ ಎಡೆ

ಕಿರಂಗೂರು
24-8-2025

ಪ್ರೀತಿಯ ಸಿದ್ದಣ್ಣನಿಗೆ,

ನಿನ್ನ ತಂಗಿ ಜಯಲಕ್ಷ್ಮಿ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಇಪ್ಪತ್ಮೂರು ವರ್ಷ ಬಿಟ್ಟು ಕಾಗದ ಬರೆಯುವವಳು ‘ತಡವಾಯಿತು, ಬೇಜಾರು ಮಾಡ್ಕೋಬೇಡ’ ಎಂದರೆ ನಿನಗೆ ನಗು ಬರಬಹುದು. ನಗು. ನಿನ್ನ ಫೋನ್ ನಂಬರು ಸಿಕ್ಕಿದ್ದರೆ ಬರೆಯುವ ಕಷ್ಟವೇ ಇರಲಿಲ್ಲ, ಫೋನಿನಲ್ಲೇ ಬೈದುಬಿಡುತ್ತಿದ್ದೆ. ನಂಬರೂ ಇಲ್ಲ, ವಿಳಾಸವೂ ಇಲ್ಲ. ಅದಕ್ಕೇ ಇದನ್ನು ಬೆಟ್ಟದಹಳ್ಳಿಯ ಬಂಗಲೆ ನೋಡಿಕೊಳ್ಳುವ ಮಂಚಯ್ಯನವರ ಕೈಗೆ ಕೊಟ್ಟು ಬರುತ್ತೇನೆ. ಮಾಲಯ ಅಮಾವಾಸ್ಯೆಗೆ ನೀನು ಅಲ್ಲಿಗೆ ತಪ್ಪದೆ ಬರುತ್ತೀಯ ಎಂದು ಅವರೇ ಹೇಳಿದರು.

ಹೌದು, ಅಲ್ಲಿಗೆ ಹೋಗಿದ್ದೆ. ಶೀಳನೆರೆಯ ನಮ್ಮ ಮನೆಯ ಮಾಳಿಗೆ ಹತ್ತಿದರೆ ಬೆಟ್ಟದ ಮೇಲೆ ಬೆಳ್ಳಗೆ ಕಾಣುತ್ತಿತ್ತಲ್ಲ, ಅದೇ ಬಂಗಲೆ. ಅಲ್ಲಿ ತಲೆ ಇಲ್ಲದ ದೊರೆಯೊಬ್ಬ ಇದ್ದಾನೆ ಎಂದು ನೀನು ನನ್ನನ್ನು ಅಳಿಸುತ್ತಿದ್ದೆ. ಎಂಟ್ಹತ್ತು ವರ್ಷದ ಹಿಂದೆ ಅದನ್ನು ರಿಪೇರಿ ಮಾಡಿಸಿ, ನೋಡುವವರಿಗೆ ಬಿಟ್ಟಿದ್ದಾರೆ. ನಮ್ಮ ಮಹಿಳಾ ಸಂಘದ ಸೋಮಮ್ಮ ಹೊರಡಿಸಿದಳು. ಹನ್ನೆರಡು ಜನ ಹೆಂಗಸರು, ಒಂದು ಟೆಂಪೋ, ಎರಡು ಪಾತ್ರೆ ಚಿತ್ರಾನ್ನ. ಬೆಟ್ಟ ಹತ್ತುವಷ್ಟರಲ್ಲಿ ಅರ್ಧ ಪಾತ್ರೆ ಖಾಲಿ.

ಒಳಗೆ ಕಾಲಿಟ್ಟ ಮೇಲೆ ಮಾತ್ರ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಮಹಾರಾಜರ ಕಾಲದ ಕಲ್ಲುಗೋಡೆ, ಆಳೆತ್ತರದ ಬಾಗಿಲುಗಳು. ನಡುಮಧ್ಯಾಹ್ನದಲ್ಲೂ ನೆಲ ತಣ್ಣಗಿತ್ತು. ಹಜಾರದ ದೊಡ್ಡ ಕನ್ನಡಿಯ ಅಂಚು ಕಪ್ಪಾಗಿದೆ. ಅದರಲ್ಲಿ ನಾವೆಲ್ಲ ಇನ್ಯಾರದೋ ಮನೆಯ ಹೆಂಗಸರ ಹಾಗೆ ಕಾಣುತ್ತಿದ್ದೆವು. ಜಗಲಿಯಲ್ಲಿ ಉದ್ದ ಕೈಯ ಒಂದು ಬೆತ್ತದ ಕುರ್ಚಿ. ಉಳಿದ ಕುರ್ಚಿಗಳೆಲ್ಲ ಗೋಡೆಗೆ ಒರಗಿದ್ದರೆ ಅದೊಂದು ಮಾತ್ರ ಕೆಳಗಿನ ಬಯಲಿಗೆ ಮುಖ ಮಾಡಿತ್ತು. ಕೂತೆ. ನೇರವಾಗಿ ನಮ್ಮ ಮನೆ ಕಾಣಿಸಿತು.

ಸೋಮಮ್ಮ ಇಲ್ಲಿ ದೆವ್ವ ಇದೆಯಂತೆ ನಿಜವೇ ಎಂದು ಮಂಚಯ್ಯನವರನ್ನು ಕೆಣಕಿದಳು. ಅವರು ನಗಲಿಲ್ಲ.

“ದೆವ್ವ ಗಿವ್ವ ಇಲ್ಲ ಕಣವ್ವ. ವರ್ಸಕ್ಕೊಂದ್ಸಲ ಒಬ್ರು ಬತ್ತರೆ, ಅಷ್ಟೆಯ. ಈ ಕುರ್ಚಿಲಿ ಕುಂತ್ಕತ್ತರೆ.”

ಏಳು ವರ್ಷದಿಂದ ಬರುತ್ತಿದ್ದಾರಂತೆ, ಮಾಲಯ ಅಮಾವಾಸ್ಯೆಯ ದಿನವೇ. ಶೀಳನೆರೆಯ ಮಾಳಿಗೆಗಳ ಮೇಲೆ ಜನ ಕಾಗೆಗೆ ಎಡೆ ಇಟ್ಟು ಕೆಳಗಿಳಿಯುವ ತನಕ ನೋಡುತ್ತಾರಂತೆ. ಆಮೇಲೆ ಎದ್ದು ಹೋಗುತ್ತಾರಂತೆ. ಇಷ್ಟು ಹತ್ತಿರ ಬಂದವರು ಊರಿಗೇ ಹೋಗಬಾರದೇ ಎಂದು ಮಂಚಯ್ಯನವರು ಒಮ್ಮೆ ಕೇಳಿದ್ದಕ್ಕೆ ನೀನು ಹೇಳಿದ ಮಾತನ್ನು ಹಾಗೇ ಹೇಳಿದರು. “‘ನಂದು ಅಲ್ಲಿ ತಿಥಿ ಆಗೋಗದೆ ಕಣ್ ಮಂಚಣ್ಣ, ಯಾರೋ ಏಳಿದ್ರು. ಸತ್ತೋನು ಬಾಕ್ಲಲ್ಲಿ ನಿಂತ್ಕಂಡ್ರೆ ಮನೆಯೋರು ಎದ್ರಿಕಳಲ್ವ’ ಅಂದ್ರು ಕಣವ್ವ.”

ಬಂದವರ ಹೆಸರು ಬರೆಯುವ ಪುಸ್ತಕ ತೋರಿಸಿ ಎಂದೆ. ಸಿದ್ದರಾಜು. ಊರು, ಶೀಳನೆರೆ. ಬಂದ ಕಾರಣ ಎಂಬಲ್ಲಿ ‘ಮನೆ ನೋಡಲು’ ಎಂದು ಬರೆದಿದ್ದೀಯ. ಏಳು ಸಲವೂ ಅದೇ. ಪುಸ್ತಕ ಮುಚ್ಚಿ ಅಲ್ಲೇ ಕೂತೆ, ಬಿಸಿಲಿಗೆ ತಲೆ ಸುತ್ತಿತು ಎಂದು ಸೋಮಮ್ಮನಿಗೆ ಹೇಳಿದೆ.

ಕಣದಲ್ಲಿ ಆಳುಗಳೆದುರು ಅಪ್ಪ ಹೊಡೆದ ಒಂದೇ ಏಟಿಗೆ ಮನೆ ಬಿಟ್ಟು ಹೋದವನು ನೀನು. ನಿನಗೂ ಸಿಟ್ಟು, ಅಪ್ಪನಿಗೂ ಸಿಟ್ಟು, ನಡುವೆ ಅವ್ವ. ಹನ್ನೆರಡು ವರ್ಷ ಕಾದರು. ಅಪ್ಪ ತೀರಿಕೊಂಡ ಮರುವರ್ಷ, ಇಷ್ಟು ಕಾಲ ಸುದ್ದಿ ಇಲ್ಲದವನು ಇಲ್ಲ ಎಂದೇ ಲೆಕ್ಕ, ಆತ್ಮ ಅಲೆಯಬಾರದು ಎಂದು ಹಿರಿಯರು ಸೇರಿ ನಿನ್ನ ತಿಥಿ ಮಾಡಿಸಿದರು. ಅವತ್ತಿನಿಂದ ಪ್ರತಿ ಪಕ್ಷಕ್ಕೂ ಅಪ್ಪನ ಎಡೆಯ ಪಕ್ಕ ನಿನ್ನದೂ ಒಂದು ಎಡೆ. ಅವ್ವ ಹೊಸ ಅಂಗಿ ತರುತ್ತಾಳೆ. ಇಷ್ಟು ಹೊತ್ತಿಗೆ ಹೊಟ್ಟೆ ಬಂದಿರುತ್ತದೆ ಎಂದು ವರ್ಷ ವರ್ಷವೂ ಅಳತೆ ಹೆಚ್ಚಿಸುತ್ತಾಳೆ. ಸತ್ತವನಿಗೆ ಹೊಟ್ಟೆ ಬರುತ್ತದೆಯೇ ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಆದರೆ ಅಣ್ಣ, ನಿನ್ನ ಎಡೆಯನ್ನು ಕಾಗೆ ಮುಟ್ಟಲೇ ಇಲ್ಲ. ಅಪ್ಪನ ಎಡೆಗೆ ಹಿಂಡು ಹಿಂಡಾಗಿ ಬೀಳುತ್ತವೆ. ನಿನ್ನದರ ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಹಾರಿಹೋಗುತ್ತವೆ. ಮಗನಿಗೆ ಏನೋ ಅತೃಪ್ತಿ ಎಂದು ಅವ್ವ ಒಂದು ವರ್ಷ ಕಜ್ಜಾಯ ಸೇರಿಸಿದಳು, ಇನ್ನೊಂದು ವರ್ಷ ತಲೆಮಾಂಸ, ಆಮೇಲೆ ಬೀಡಿ ಕಟ್ಟು. ಬಿಸಿಲಿನಲ್ಲಿ ಸಂಜೆ ತನಕ ಮಾಳಿಗೆಯ ಮೇಲೇ ನಿಂತು ಕಾ ಕಾ ಎಂದು ಕೂಗುತ್ತಾಳೆ. ಆ ಕೂಗು ಈಗಲೂ ಒಮ್ಮೊಮ್ಮೆ, ಬಟ್ಟೆ ಒಗೆಯುವಾಗ, ಬಸ್ಸಿನಲ್ಲಿ ಕೂತಾಗ, ನನ್ನ ಕಿವಿಯಲ್ಲಿ ಕೇಳುತ್ತದೆ. ನನಗೆ ಭಯವಾಗುತ್ತದೆ.

ಬಂಗಲೆಯಿಂದ ನಾನು ನೇರವಾಗಿ ಶೀಳನೆರೆಗೆ ಹೋಗಿ ಅವ್ವನಿಗೆ ಹೇಳಿದೆ. ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಆಮೇಲೆ, “ಬದ್ಕಿರೋ ಮಗೀಗೆ ಎಡೆ ಇಟ್ಬುಟ್ನಲ್ಲ ಕಣೇ. ಕಾಗೆಗಿದ್ದ ಬುದ್ಧಿ ನಂಗಿಲ್ದೆ ಓಯ್ತಲ್ಲ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಿಥಿಯ ಚಿಂತೆ ನಿನಗೆ ಬೇಡ. ನಮ್ಮ ಪೂಜಾರಿ ದೇವರಾಜು ದಾರಿ ಹೇಳಿದ್ದಾನೆ. ತಿಥಿ ಆದವನು ಬಂದರೆ ಮತ್ತೆ ಹುಟ್ಟಿದ ಲೆಕ್ಕವಂತೆ. ನೀರು ಹಾಕಿ, ತಾಯಿ ಮಡಿಲಲ್ಲಿ ಕೂರಿಸಿ, ನಾಲಿಗೆಗೆ ಜೇನು ಮುಟ್ಟಿಸಿ, ಕಿವಿಯಲ್ಲಿ ಹೆಸರು ಕರೆದು, ತೊಟ್ಟಿಲಿಗೆ ಹಾಕಬೇಕಂತೆ. ನಿನಗೆ ಐವತ್ತೆರಡು ಎಂದು ನಾನು ನೆನಪಿಸಿದೆ. ಕೇಳುವವರು ಯಾರು? ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದಿಟ್ಟಿದ್ದಾಳೆ. ಒಂದು ಕಾಲನ್ನಾದರೂ ಅದರಲ್ಲಿ ಇಡಬೇಕಾಗುತ್ತದೆ, ಸಿದ್ಧನಾಗಿ ಬಾ.

ಅವ್ವನಿಗೆ ಎಂಬತ್ತಾಯಿತು. ಒಂದು ಕಣ್ಣು ಪೂರ್ತಿ ಮಂಜು. ಮುಂದಿನ ವರ್ಷ ನೋಡೋಣ ಎನ್ನುವ ವಯಸ್ಸಲ್ಲ. ಈ ಸಲ ನಿನಗೆ ಎಡೆ ಇಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ನೀನೇ ಬಂದು ಉಣ್ಣಬೇಕು. ಅಂದು ಬೆಳಗಿನಿಂದ ನಾನೂ ಅಲ್ಲೇ ಇರುತ್ತೇನೆ. ಬೆಟ್ಟ ಇಳಿದರೆ ಸಾಕು.

ಚಿಕ್ಕಬೋರಮ್ಮ ಎಂಬ ಹೆಂಗಸು ತನ್ನ ಮಗನ ತಲೆಯ ಮೇಲೆ ಕೈಯಿಟ್ಟು ನೂರು ವರ್ಷ ಬಾಳು ಎಂದಿದ್ದಾಳೆಂದು ಅವ್ವ ತನ್ನ ಹೆಸರು ಹಾಕಿಯೇ ಬರೆಯಲು ಹೇಳಿದಳು. ಬರೆದಿದ್ದೇನೆ.

ನಿನ್ನ ತಂಗಿ
ಜಯ

ತಾ.ಕ.: ಕವರು ಅಂಟಿಸಿಬಿಟ್ಟಿದ್ದೆ, ಮತ್ತೆ ಕಿತ್ತೆ.

ಏಳು ವರ್ಷದ ಹಿಂದೆ ಬೆಳ್ಳೂರು ಕ್ರಾಸಿನಲ್ಲಿ ನಾನು ನಿನ್ನನ್ನು ಗುರುತಿಸಿದ್ದೆ ಅಣ್ಣ. ನನ್ನ ಮಗಳು ರಮ್ಯಳನ್ನು ಒಪ್ಪಿದ ಗಂಡಿನ ಮನೆಯವರ ಜೊತೆ ಹೋಟೆಲಿನಿಂದ ಹೊರಗೆ ಬರುತ್ತಿದ್ದೆ. ನೀನು ನಮ್ಮೂರ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಗಡ್ಡ ನೆರೆತಿತ್ತು, ಕೈಯಲ್ಲಿ ಹಣ್ಣಿನ ಚೀಲ. ನೀನು “ಜಯಾ” ಎಂದು ಕರೆದೆ. ಅವರಿಗೆ ನನ್ನಣ್ಣ ಸತ್ತಿದ್ದಾನೆಂದು ಅದೇ ತಾನೇ ಹೇಳಿದ್ದೆ. ಸಂಬಂಧ ಮುರಿದೀತೆಂದು ಹೆದರಿದೆ. ಯಾರು ಅದು ಎಂದು ಬೀಗಿತ್ತಿ ಕೇಳಿದಾಗ, ನಿನಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ, “ಯಾರೋ ಗೊತ್ತಿಲ್ಲ. ನಮ್ಮಣ್ಣನ್ ತಿಥಿ ಆಗಿ ನಾಕ್ ವರ್ಸ ಆಯ್ತು.”

ಮಂಚಯ್ಯನವರಿಗೆ ನೀನು ನನ್ನ ಹೆಸರು ಹೇಳಲಿಲ್ಲ.

ಮಗನ ಕಿವಿಗೆ ಆ ಮಾತು ಹಾಕಿದವರ ಬಾಯಿಗೆ ಹುಳ ಬೀಳಲಿ ಎಂದು ಅವ್ವ ದಿನಾ ಶಾಪ ಹಾಕುತ್ತಾಳೆ. ನಾನು ಪಕ್ಕದಲ್ಲೇ ಕೂತು ಹೂಂ ಎನ್ನುತ್ತೇನೆ.