ಚಪ್ಪಟೆ ಮೂತಿಯ ಅಚ್ಚು

ಅನಸೂಯಾ,

ಆಸ್ಟಿನ್‌ಗೆ ಹೊರಟೆ, ಸಂಜೆಗೆ ಬರುತ್ತೇನೆ. ನೀನು ಒಳ್ಳೆ ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ.

ನೀನು ಆರ್ಡರ್ ಮಾಡಿದ್ದ, ಬಂದೂಕಿನ ಗುಂಡು ಎರಕ ಹೊಯ್ಯುವ ಅಚ್ಚನ್ನು ಕ್ಯಾನ್ಸಲ್ ಮಾಡಿದ್ದೇನೆ. ಕೂಗಾಡುವ ಮೊದಲು ಪೂರ್ತಿ ಓದು. “ಚೂಪಾಗಿದ್ರೆ ದೂರ ಹೋಗತ್ತೆ ಕಣ್ರೀ” ಅಂದೆಯಲ್ಲ, ಆದರೆ ನಿನ್ನ ಲಿವರ್ ಕಾರ್ಬೈನ್ ಬಂದೂಕಿನಲ್ಲಿ ನಳಿಕೆಯ ಕೆಳಗಿನ ಕೊಳವೆಯಲ್ಲಿ ಗುಂಡುಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನದರ ಚೂಪು ಮೂತಿ ಮುಂದಿನದರ ಬುಡದಲ್ಲಿರುವ ಸಿಡಿಮದ್ದಿಗೆ ಗುದ್ದಿದರೆ ಅಲ್ಲೇ ಸಿಡಿಯಬಹುದು. ಬಂದೂಕು ಹಿಡಿದಾಗ ನಿನ್ನ ಎಡಗೈ ಇರುವುದೂ ಅಲ್ಲೇ. ಮೂವತ್ತು ವರ್ಷ ಆಪರೇಷನ್ ಥಿಯೇಟರಿಗೆ ಬೇಕಾಗಿದ್ದ ಕೈ, ಈಗ ನನಗೆ ಬೇಕು. ಅದರ ಬದಲು ನಾನು ತರಿಸಿದ ಚಪ್ಪಟೆ ಮೂತಿಯ ಅಚ್ಚು ಗುರುವಾರ ಬರುತ್ತದೆ.

ಸೀಸವನ್ನು ಗರಾಜಿನಲ್ಲೇ ಕರಗಿಸು, ಬಾಗಿಲು ತೆರೆದಿಟ್ಟು. ಸೀಸ ವಿಷ, ಅದಕ್ಕೆ ಸಾರಿನ ಸೌಟು ಮುಟ್ಟಬೇಡ. ಈಗಾಗಲೇ ಮುಟ್ಟಿದ್ದರೆ ಹೇಳಿಬಿಡು, ಇವತ್ತು ಸಾರು ಬೇಡ.

ಆ ಬಂದೂಕು ಮನೆಗೆ ಬಂದು ನಾಲ್ಕು ತಿಂಗಳಾದರೂ ನಾನು ಅದರ ಬಗ್ಗೆ ಒಂದು ಮಾತೂ ಆಡಿಲ್ಲ, ಗೊತ್ತು. ಆದರೆ ಅಚ್ಚಿನ ಅಳತೆ ತಪ್ಪಬಾರದೆಂದು ಮೊನ್ನೆ ನೀನು ಸ್ನಾನಕ್ಕೆ ಹೋದಾಗ ನಳಿಕೆಯ ಒಳ ಅಳತೆ ತೆಗೆದೆ. ಖಾಲಿಯಿದೆಯೇ ಎಂದು ಮೂರು ಸಲ ನೋಡಿಕೊಂಡೇ ಮುಟ್ಟಿದ್ದು.

ಶನಿವಾರ ಶೂಟಿಂಗ್ ರೇಂಜಿಗೆ ನಾನೂ ಬರುತ್ತೇನೆ. ಕಿವಿ ಮುಚ್ಚಿಕೊಳ್ಳುವುದು ಇನ್ನೊಂದು ಜೊತೆ ತರಿಸಿದ್ದೇನೆ. ಹೊಡೆಯುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ ಅಷ್ಟೇ.

ವೆಂಕಟಗಿರಿ