ಎರಡು ಚುಕ್ಕಿಯ ಚಾಕು

ದಾವಣಗೆರೆ,
೧೪-೧೧-೨೦೨೫, ಶುಕ್ರವಾರ

ಅಖಿಲ ದಾವಣಗೆರೆ-ಹರಿಹರ ಮಡಿಸುವ ಚಾಕು ಸಂಗ್ರಾಹಕರ ಮಹಾಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಅವ್ವನ ಈಳಿಗೆಮಣೆಯವರೇ, ಮುಖ್ಯ ಅತಿಥಿಗಳಾದ ಅಡಕೊತ್ತಿನವರೇ, ಮುಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕುಳಿತಿರುವ ಹಳೆಯ ಚಾಕು ಬಂಧುಗಳೇ, ಹಾಗೂ ಈಗ ಬಂದೆ ಎಂದು ಹೇಳಿ ಹೋಗಿ ಒಂಬತ್ತು ವರ್ಷವಾದರೂ ಇನ್ನೂ ದಾರಿಯಲ್ಲೇ ಇರುವ ಗೌರವಾನ್ವಿತ ಸದಸ್ಯರೇ,

ಅಂದರೆ, ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಲಾರಿ ಹತ್ತಿ ಇಳಿದು ಸವೆಸಿಕೊಂಡ ಬಲ ಮೊಣಕಾಲು ಈಗ ಏನನ್ನುತ್ತದೆ? ಮಿರ್ಚಿ ತಿಂದ ಮೇಲೆ ಎದೆ ಉರಿಯುತ್ತದೆಂದು ಸೋಡಾ ಕುಡಿದು ಪಕ್ಕದ ಬೀದಿಗೆ ಕೇಳುವಂತೆ ತೇಗುತ್ತಿದ್ದೆಯಲ್ಲ, ಅದು ವಾಸಿಯಾಯಿತೋ, ವಯಸ್ಸಿನ ಜೊತೆ ಬೆಳೆಯಿತೋ? ಇಲ್ಲಿ ನಾವೆಲ್ಲ ಕ್ಷೇಮ. ಅವ್ವನಿಗೆ ಎಡಗಿವಿ ಮಂದವಾಗಿದೆ. ತನಗೆ ಬೇಡದ ಮಾತಷ್ಟೇ ಕೇಳಿಸುವುದಿಲ್ಲವಾದ್ದರಿಂದ ಇದು ಕಾಯಿಲೆಯೋ ರಾಜಕೀಯವೋ ತಿಳಿಯದು. ಲಾರಿಯ ಹಾರನ್ ಮಾತ್ರ ಬೀದಿಯ ಆ ತುದಿಯಲ್ಲಿ ಮೊಳಗಿದರೂ ಅದೇ ಕಿವಿಗೆ ಕೇಳಿಸಿ ಬಾಗಿಲಿಗೆ ಬರುತ್ತಾಳೆ. ನಾನು ಮಂಡಿಪೇಟೆಯ ಅದೇ ಅಂಗಡಿಯಲ್ಲಿ ಅದೇ ಗುಮಾಸ್ತ. ಕನ್ನಡದಲ್ಲಿ ಬಿ.ಎ. ಮಾಡಿದ್ದಕ್ಕೆ ನಮ್ಮ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿಲ್ಲ ಎಂಬುದೊಂದೇ ಲಾಭ. ಯಶೋದಾ ಅತ್ತಿಗೆಯೂ ಚೆನ್ನಾಗಿದ್ದಾರೆ. ಹೊಲಿಗೆ ಮಷೀನು ಕಟ್ಟಿಕೊಂಡು ಆನಗೋಡಿನ ಅಕ್ಕನ ಮನೆಗೆ ಹೊರಟಿದ್ದಾರೆ, ಅಲ್ಲೇ ಒಂದು ಅಂಗಡಿ ಇಡುತ್ತಾರಂತೆ. ಆ ವಿಚಾರ ಕೊನೆಗೆ. ಮೊದಲು ಸಭೆಯ ಕಾರ್ಯಕಲಾಪ.

ನಾನು ಹಳೆಯ ಚಾಕುಗಳನ್ನು ಕೂಡಿಡುವ ವಿಷಯ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಹತ್ತಿದ ಹುಚ್ಚು. ಗುಜರಿ ಅಂಗಡಿ, ಭಾನುವಾರದ ಸಂತೆ, ಮುರಿದು ಹಾಕುವ ಮನೆಗಳ ಅಟ್ಟ, ಎಲ್ಲಿ ಕೇಳಿದರೂ ನನ್ನ ಹೆಸರು ಹೇಳುತ್ತಾರೆ. ಹೆಸರು ಚಾಕು ರಾಜು ಎಂದಾಗಿದೆ, ಹೊಸಬರು ರೌಡಿ ಅಂದುಕೊಂಡು ಕುರ್ಚಿ ಬಿಟ್ಟುಕೊಡುತ್ತಾರೆ. ನಮ್ಮ ಭುವನೇಶ್ವರಿಯ ದೂರು ಬೇರೆ. "ಪೆಟ್ಟಿಗಿ ತುಂಬ ಚಾಕು ಐತೆ, ಒಂದು ಈರುಳ್ಳಿ ಹೆಚ್ಚೋಕೆ ಕೊಡಂಗಿಲ್ಲ. ಇಂಥ ಗಂಡನ್ನ ಕಟ್ಕೊಂಡು ಹಲ್ಲಾಗೆ ಹೆಚ್ಚಲೇನು ನಾನು?" ಅವಳಿಗೇನು ಗೊತ್ತು. ನನ್ನ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಿಂದ ಹಡಗು ಹತ್ತಿ ಬಂದು, ಮಂಡಿಪೇಟೆಯ ಸಾಹುಕಾರರೊಬ್ಬರ ಕೋಟಿನ ಕಿಸೆಯಲ್ಲಿ ಮೂರು ತಲೆಮಾರು ಮಲಗಿದ್ದ ಮೂಳೆ ಹಿಡಿಕೆಯ ಚಾಕು ಇದೆ. ಹತ್ತಿ ಅಂಡಿಗೆಗಳನ್ನು ಸೀಳಿ ಸೀಳಿ ಅದರ ಅಲಗು ಹುಣಿಸೆ ಎಲೆಯಷ್ಟಾಗಿದೆ. ಹತ್ತಿ ಗಿರಣಿಯ ನೇಕಾರರ ಗಿಡ್ಡ ಚಾಕುಗಳಿವೆ. ಎಣ್ಣೆ ಹಾಕಿ ತುಕ್ಕು ಒರೆಸಿ, ಅಲಗಿನ ಬುಡದಲ್ಲಿರುವ ಮುದ್ರೆಯನ್ನು ಭೂತಗನ್ನಡಿಯಲ್ಲಿ ಓದುವುದನ್ನು ಕಲಿತೆ. ಕಿರೀಟವಿದ್ದರೆ ಯಾವ ಊರು, ನಕ್ಷತ್ರವಿದ್ದರೆ ಯಾರ ಮಗ, ಮಗನ ಕಾಲಕ್ಕೆ ಉಕ್ಕು ಹೇಗೆ ಅಗ್ಗವಾಯಿತು, ಎಲ್ಲ ಹೇಳುತ್ತೇನೆ. ಕೇಳುವವರಿಲ್ಲದ್ದರಿಂದ ಈಳಿಗೆಮಣೆಗೆ ಹೇಳುತ್ತೇನೆ.

ನಿನಗೆ ನಗು ಬಂದಿರಬೇಕು. ಹೈಸ್ಕೂಲಿನಲ್ಲಿದ್ದಾಗ ನಿನ್ನ ಚಾಕುವಿಗಾಗಿ ಕಟ್ಟಿದ ನನ್ನ ಮೊದಲ ಕವಿತೆ ನೆನಪಿದೆಯೇ? "ನಮ್ಮಣ್ಣನ ಚಾಕು, ಒಂದು ದಿನ ಬೇಕು. ಕೇಳಿದರೆ ಸಾಕು, ಬೆನ್ನಿಗೊಂದು ಹಾಕು." ನೀನು ಮೆಚ್ಚಿ ಬೆನ್ನಿಗೆ ಒಂದು ಹಾಕಿಯೂ ಇದ್ದೆ. ಆ ಚಾಕುವಿನ ವಿವರವನ್ನು ಸಭೆಯ ಮುಂದಿಡುತ್ತೇನೆ. ಕರಿ ಕೋಡಿನ ಹಿಡಿಕೆ, ಬೀಡಿ ಹಚ್ಚುವಾಗ ಒಲೆಗೆ ತಗುಲಿ ಸುಟ್ಟ ಒಂದು ಮೂಲೆ, ಅಲಗಿನ ಬುಡದಲ್ಲಿ ನೀರಿನ ಅಲೆಯಂಥ ಒಂದು ಗೆರೆ, ಗೆರೆಯ ಕೆಳಗೆ ಒಂದು ಚುಕ್ಕಿ. ಮದುವೆಯಾದ ವಾರದಲ್ಲಿ ನೀನು ಎಲ್ಲಿಗೋ ಹೋಗಿ ಪಕ್ಕದಲ್ಲಿ ಎರಡನೆಯ ಚುಕ್ಕಿ ಹೊಡೆಸಿಕೊಂಡು ಬಂದು ಅತ್ತಿಗೆಗೆ ತೋರಿಸಿದೆ. "ಇದು ನಾನು, ಇದು ನೀನು." ಯಾರು ಹೊಡೆದರು ಎಂದರೆ, "ಐದಾರೆ ಒಬ್ರು ಉಸ್ತಾದ್" ಎಂದೆ, ಅಷ್ಟೇ. ಅತ್ತಿಗೆ ಆ ವಾರ ಪೂರ್ತಿ ಆ ಚುಕ್ಕಿಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದರು, ಚಿನ್ನದ್ದೇನೋ ಎಂಬಂತೆ.

ನೀನು ಹುಬ್ಬಳ್ಳಿಯಲ್ಲಿ ಲೋಡು ಇಳಿಸಿ, ಲಾರಿ ನಿಲ್ಲಿಸಿ, ಕೀಲಿಯನ್ನು ಆಫೀಸಿನಲ್ಲಿ ಕೊಟ್ಟು ನಡೆದುಹೋದೆ ಎಂಬುದಷ್ಟೇ ನಮಗೆ ಸಿಕ್ಕ ಸುದ್ದಿ. ಲಾರಿ ಬಂತು, ನೀನು ಬರಲಿಲ್ಲ. ಯಾಕೆ ಹೋದೆ ಎಂದು ಈ ಪತ್ರ ಕೇಳುವುದಿಲ್ಲ. ಪೊಲೀಸರು ಗುರುತು ಕೇಳಿದರು. ಸಾಧಾರಣ ಎತ್ತರ, ಸಾಧಾರಣ ಮೈಬಣ್ಣ, ಸಾಧಾರಣ ಮೀಸೆ. ನಿನ್ನಂಥವರು ಹೆದ್ದಾರಿಯ ಡಾಬಾ ಒಂದೊಂದರಲ್ಲೂ ಹತ್ತು ಜನ ಊಟ ಮಾಡುತ್ತಿರುತ್ತಾರೆ. ಆದರೆ ಆ ಚಾಕು ಸಾಧಾರಣದ್ದಲ್ಲ. ನೀನು ಅದನ್ನು ಬಿಟ್ಟಿರುವವನೂ ಅಲ್ಲ. ಬಿಟ್ಟರೆ ಹೊಟ್ಟೆಗಿಲ್ಲದೆ ಮಾರಿರಬೇಕು, ಇಲ್ಲವೇ ಬೇರೆ ಯಾರೋ ನಿನ್ನ ಕಿಸೆಯಿಂದ ತೆಗೆದಿರಬೇಕು. ಹೇಗಾದರೂ ಅದು ಒಂದು ದಿನ ಯಾವುದಾದರೂ ಗುಜರಿ ತಕ್ಕಡಿಗೆ ಬಂದೇ ಬರುತ್ತದೆ, ಅಲ್ಲಿಂದ ಹಿಂದಕ್ಕೆ ಕೇಳುತ್ತ ಹೋದರೆ ನೀನು ಸಿಗುತ್ತೀಯ ಎಂದುಕೊಂಡೆ. ಒಂದೇ ಚಾಕು ಕೇಳುತ್ತ ತಿರುಗಿದರೆ ಜನ ಅನುಮಾನಿಸುತ್ತಾರೆ. ಎಲ್ಲ ಚಾಕು ಕೇಳಿದರೆ ಹುಚ್ಚ ಅನ್ನುತ್ತಾರೆ, ಅಷ್ಟೇ. ಮಹಾಸಭೆ ಹುಟ್ಟಿದ್ದು ಹೀಗೆ. ಶೆಫೀಲ್ಡಿನ ಚರಿತ್ರೆ, ಕಿರೀಟ, ನಕ್ಷತ್ರ, ಎಲ್ಲವೂ ನಿನ್ನನ್ನು ಹುಡುಕುವಾಗ ಕಾಲಿಗೆ ತೊಡರಿದ ಕಸ.

ಎಷ್ಟು ತಿರುಗಿದರೂ ನಿನ್ನ ಚಾಕು ಬರಲಿಲ್ಲ. ಆಗ ಚಾಕು ಬಿಟ್ಟು ಅದನ್ನು ಮಾಡಿದವನನ್ನು ಹುಡುಕತೊಡಗಿದೆ. ಅಲೆಯ ಗೆರೆಯನ್ನು ನೆನಪಿನಿಂದ ಬರೆದು ಫೋನಿನಲ್ಲಿ ಎಲ್ಲೆಲ್ಲಿಯದೋ ಸಂಗ್ರಾಹಕರಿಗೆ ಕಳಿಸಿದೆ. ಒಬ್ಬರು ಜರ್ಮನಿಯದು ಎಂದರು, ಒಬ್ಬರು ಸೊಲ್ಲಾಪುರದ್ದು ಎಂದರು. ಈ ಆಷಾಢದಲ್ಲಿ ಭಾನುವಳ್ಳಿಗೆ ಅಂಗಡಿಯ ಕೆಲಸಕ್ಕೆ ಹೋದಾಗ, ಕಾಲುವೆ ಏರಿಯ ಮೇಲೆ ಕುಳಿತು ಹಗ್ಗ ಕೊಯ್ಯುತ್ತಿದ್ದ ಮಾಳಿಂಗಪ್ಪ ಎಂಬ ಮುದುಕರ ಕೈಯಲ್ಲಿ ಅದೇ ಅಲೆ ಕಂಡಿತು. ಅದೇ ಕರಿ ಕೋಡು, ಕೆಳಗೆ ಎರಡು ಚುಕ್ಕಿ. ಅವರ ಪಕ್ಕದಲ್ಲೇ ಏರಿಯ ಮೇಲೆ ಕೂತೆ. ಹಿಡಿಕೆಯ ಮೂಲೆ ನೋಡಿದೆ, ಸುಟ್ಟಿರಲಿಲ್ಲ. "ನಂದೇ ಕಣಪ್ಪ, ಕದ್ದಿಲ್ಲ. ಹಂಗ್ಯಾಕ ನೋಡ್ತೀಯ?" ಎಂದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಹರಿಹರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಚಾಂದ್ ಪಾಷಾ, ಕಬ್ಬಿಣ ಕೊಯ್ಯುವ ಯಂತ್ರದ ಮುರಿದ ಗರಗಸದಲ್ಲಿ ಇಂಥ ಚಾಕು ಮಾಡಿ ಬೇಕಾದವರಿಗೆ ಕೊಡುತ್ತಿದ್ದರಂತೆ. ಅಲೆ ಎಂದರೆ ಹೊಳೆ. "ಒಂದು ಚುಕ್ಕಿ ನಾನು, ಎರಡನೇದು ಮನೆಯಾಕಿ. ಕೂಸು ಹುಟ್ಟಿದ್ರೆ ಇನ್ನೊಂದು ಹೊಡೀತೀನಿ, ತಗಂಬಾ ಅಂದಿದ್ರು. ಐದು ಮಕ್ಕಳಾದ್ವು, ಐದು ಸಲಾನೂ ಹೋಗೋಕಾಗ್ಲಿಲ್ಲ ನೋಡು!" ಎಂದು ನಕ್ಕರು. ನನ್ನ ಮುಖದಲ್ಲಿ ಏನು ಕಂಡರೋ, ಚಾಕುವನ್ನು ನನಗೇ ಕೊಟ್ಟರು. ಕೈಗೆ ಕೊಡಲಿಲ್ಲ, ಚಾಕು ಕೈಯಿಂದ ಕೈಗೆ ಹೋದರೆ ಜಗಳ ಬರುತ್ತದೆಂದು ನೆಲದ ಮೇಲಿಟ್ಟರು. ಬಗ್ಗಿ ಎತ್ತಿಕೊಂಡೆ.

ಮರುದಿನವೇ ಹರಿಹರ. ಚಾಂದ್ ಪಾಷಾ ತುಂಬ ವಯಸ್ಸಾದವರು, ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಈಗ ಹೊಸ ಚಾಕು ಮಾಡುವುದಿಲ್ಲ, ಹಳೆಯವಕ್ಕೆ ಸ್ಪ್ರಿಂಗ್ ಬಿಗಿ ಮಾಡಿಕೊಡುತ್ತಾರೆ. ಮಾಳಿಂಗಪ್ಪನವರ ಚಾಕುವನ್ನು ಹೆಬ್ಬೆರಳಲ್ಲಿ ಸವರಿ, "ನಮ್ದೇ ಕೂಸು ಇದು" ಎಂದರು. ನಿನ್ನ ಫೋಟೋ ತೋರಿಸಿದೆ. ಒಂಬತ್ತು ವರ್ಷದಿಂದ ಎಷ್ಟೋ ಜನಕ್ಕೆ ತೋರಿಸಿ ಅಂಚು ಹರಿದ ಫೋಟೋ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅರೆ, ದಾವಣಗೆರೆ ಕಾಂತರಾಜ್ ಅಲ್ವಾ? ನೀವು ತಮ್ಮಾನಾ? ಬರ್ರಿ, ಕೂಡ್ರಿ, ಚಾ ಕುಡೀರಿ. ಹೋದ ವರ್ಷ ದೀಪಾವಳಿ ಮುಂದೆ ಬಂದಿದ್ರಲ್ರಿ. ಮೂರನೇ ಚುಕ್ಕಿ ಹಾಕಿಸ್ಕೊಂಡು ಹೋದ್ರು. ಹೆಣ್ಣು ಮಗು ಅಂದ್ರು, ಪೇಡಾ ಕೊಟ್ರು. ಲೇಟಾದ್ರೂ ಅಲ್ಲಾ ಕೊಟ್ಟ ನೋಡ್ರಿ! ಚಿಕ್ಕಪ್ಪ ಆಗಿದ್ದೀರಿ, ಮುಬಾರಕ್!" ನೀನು ನಮ್ಮ ಜೊತೆಯೇ ಇದ್ದೀಯ ಎಂದುಕೊಂಡಿದ್ದಾರೆ, ಪಾಪ. ನನ್ನ ಎರಡೂ ಕೈ ಹಿಡಿದುಕೊಂಡು ಅಲ್ಲಾಡಿಸಿದರು. ಕೂಸಿನ ಹೆಸರೇನಿಟ್ಟಿರಿ ಎಂದು ಕೇಳಿದರು. ಇನ್ನೂ ಇಟ್ಟಿಲ್ಲ ಎಂದೆ. ಚಾ ಕುಡಿದೆ, ಸಕ್ಕರೆ ಜಾಸ್ತಿಯಿತ್ತು. ಸ್ಪ್ರಿಂಗ್ ಸಡಿಲವಾಗಿದೆ, ಮತ್ತೆ ಬರುತ್ತೇನೆ ಎಂದು ನೀನು ಹೇಳಿ ಹೋಗಿದ್ದೀಯಂತೆ. ಈ ಪತ್ರವನ್ನು ಅದಕ್ಕೇ ಅವರ ಬಳಿ ಇಟ್ಟಿರುತ್ತೇನೆ.

ಹರಿಹರದಿಂದ ಬಸ್ಸು ಹತ್ತಿದೆ. ಟಿಕೆಟ್ ತೆಗೆದು, ಚಿಲ್ಲರೆ ಎಣಿಸಿ ಕಿಸೆಗೆ ಹಾಕಿ, ಕಿಟಕಿಯಾಚೆ ಎರಡು ಸಲ ನೋಡುವಷ್ಟರಲ್ಲಿ ನಮ್ಮೂರು ಬಂತು. ಅಣ್ಣಾ, ಇಷ್ಟೇ ದೂರ. ಆವತ್ತು ನೀನು ಹೊಸ ಚುಕ್ಕಿಯ ಚಾಕು ಕಿಸೆಯಲ್ಲಿಟ್ಟುಕೊಂಡು ಅದೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿರಬೇಕು. ದಾವಣಗೆರೆ ದಾವಣಗೆರೆ ಎಂದು ಕಂಡಕ್ಟರ್ ನಿನ್ನ ಕಿವಿಯ ಹತ್ತಿರವೇ ಕೂಗಿರಬೇಕು. ನೀನು ಬೇರೆ ಬಸ್ಸಿನ ಕಡೆ ತಿರುಗಿದೆಯಲ್ಲ, ಆ ಒಂದು ತಿರುವನ್ನು ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡರೂ ನಿನ್ನ ಮುಖ ಕಾಣುವುದಿಲ್ಲ, ಬೆನ್ನಷ್ಟೇ ಕಾಣುತ್ತದೆ. ನೀನು ಎಲ್ಲೋ ಬಿದ್ದಿದ್ದೀಯ, ಬುದ್ಧಿ ತಪ್ಪಿದೆ, ಜೈಲಿನಲ್ಲಿದ್ದೀಯ, ಇಲ್ಲವೇ ಇಲ್ಲ ಎಂದು ಒಂಬತ್ತು ವರ್ಷ ಎಲ್ಲವನ್ನೂ ಯೋಚಿಸಿದ್ದೆ. ಪೇಡಾ ಹಂಚುತ್ತಿದ್ದೀಯ ಎಂದು ಮಾತ್ರ ಯೋಚಿಸಿರಲಿಲ್ಲ.

ಇರಲಿ. ಸಭೆಯ ಗಮನಕ್ಕೆ ಕೊನೆಯ ವಿಷಯ: ಸಂಗ್ರಹದಲ್ಲಿ ಈಗ ಒಂದು ಚಾಕು ಕಡಿಮೆಯಾಗಿದೆ. ಉಳಿದವನ್ನು ಭುವನೇಶ್ವರಿಯ ಈರುಳ್ಳಿಗೆ ಬಿಟ್ಟುಕೊಟ್ಟು ಮಹಾಸಭೆಯನ್ನು ವಿಸರ್ಜಿಸಲಾಗಿದೆ. ವಂದನಾರ್ಪಣೆ ಮಾಡುವವರು ಯಾರೂ ಇಲ್ಲದ್ದರಿಂದ ನಾನೇ ಮಾಡುತ್ತೇನೆ: ಬಂದವರಿಗೆ ನಮನ, ಬಾರದವರಿಗೂ ನಮನ, ಎಲ್ಲಿದ್ದರೂ ತಂಪಾಗಿರಲಿ ನಿಮ್ಮ ಮನ.

ನಿನ್ನ ಪಾದ ಮುಟ್ಟಿದ್ದೇನೆ ಎಂದುಕೋ. ಮುಖ ನೋಡದ ಆ ಪುಟ್ಟಿಯ ನೆತ್ತಿಗೆ ಚಿಕ್ಕಪ್ಪನದೊಂದು ಮುತ್ತು. ಅವಳಿಗೆ ನೂರು ವರ್ಷವಾಗಲಿ.

ನಿನ್ನ ತಮ್ಮ,
ರಾಜು

ತಾ.ಕ.: ಹರಿಹರದಲ್ಲಿ ಪಾಷಾ ಸಾಹೇಬರ ಮನೆಯಲ್ಲಿ ಕುಳಿತು ಇದನ್ನು ಸೇರಿಸುತ್ತಿದ್ದೇನೆ. ಅವರು ನಮಾಜಿಗೆ ಹೊರಟಿದ್ದಾರೆ, ಬೇಗ ಬರೆದು ಕೊಡಬೇಕು. ಅತ್ತಿಗೆ ಆನಗೋಡಿಗೆ ಯಾಕೆ ಹೊರಟರು ಎಂದು ನಾನು ಮೇಲೆ ಹೇಳಲಿಲ್ಲ. ಮಾಳಿಂಗಪ್ಪನವರ ಚಾಕುವನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿ ಹೂತಿಟ್ಟು, ತುಕ್ಕು ಹಿಡಿಸಿ, ಹೋದ ಸೋಮವಾರ ಅತ್ತಿಗೆಯ ಮುಂದೆ ನೆಲದ ಮೇಲಿಟ್ಟೆ. ಹರಿಹರದ ಸೇತುವೆ ಕೆಳಗೆ ಮರಳು ಸೋಸಿ ಕಾಸು ಹುಡುಕುವವರಿಗೆ ಸಿಕ್ಕಿತು ಎಂದೆ. ಹಳೆಯ ಚಾಕುಗಳ ವಿಷಯದಲ್ಲಿ ನನ್ನ ಮಾತನ್ನು ಈ ಜಿಲ್ಲೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅತ್ತಿಗೆ ಎತ್ತಿಕೊಂಡರು. ಹಿಡಿಕೆಯ ಮೂಲೆಯ ಮೇಲೆ ಬೆರಳಾಡಿಸಿ, "ಇಲ್ಲಿ ಸುಟ್ಟಿತ್ತಲ್ಲ ರಾಜು" ಎಂದರು. ಅವರೇ, "ನೀರಾಗೆ ಇದ್ದು ಇದ್ದು ಸವೆದಿರಬೇಕು ಬಿಡು" ಎಂದರು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ಚುಕ್ಕಿ ನೋಡಿದರು. "ಎರಡೇ ಅದಾವಲ್ಲ?" ಮೂರನೆಯದು ಯಾವುದಕ್ಕೆಂದು ನೀನೇ ಅವರಿಗೆ ಹೇಳಿದ್ದೆಯೋ ಏನೋ. ಎರಡೇ ಅತ್ತಿಗೆ ಎಂದೆ. "ಸರಿಯಾಗಿ ನೋಡು." ಎರಡೇ ಎಂದೆ. ಅಳಲಿಲ್ಲ. ಕಾಲುಂಗುರ ತೆಗೆದು, ತೊಳೆದು, ಮಷೀನಿನ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಇಟ್ಟರು. ಚಾಕುವನ್ನೂ ಇಟ್ಟುಕೊಂಡರು, ನೂಲು ಕತ್ತರಿಸೋಕೆ ಆಗ್ತೈತೆ ಎಂದು. ಇಷ್ಟು ವರ್ಷ ನೀನು ಬಂದಾಗ ಮನೆ ಬೀಗ ಹಾಕಿರಬಾರದು ಎಂದು ಅಕ್ಕನ ಮನೆಯಲ್ಲಿ ಒಂದು ರಾತ್ರಿ ಕೂಡ ಉಳಿಯದವರು ಈಗ ಹೊರಟಿದ್ದಾರೆ. ಅವ್ವ ಮಾತ್ರ ಚಾಕುವನ್ನು ಮುಟ್ಟಲಿಲ್ಲ. "ನನ್ನ ಮಗನಿಗೆ ಈಜು ಬರ್ತೈತೆ" ಎಂದು ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತಳು. ಅಣ್ಣಾ, ನಿನ್ನನ್ನು ನಾನು ಕೊಂದೆ. ಮೂರು ಚುಕ್ಕಿಯವನಾಗಿ ನೀನು ಬದುಕಿರುವುದನ್ನು ಆ ಹೆಣ್ಣುಮಗಳಿಗೆ ಹೇಳಲು ನನ್ನಿಂದಾಗಲಿಲ್ಲ, ಎರಡು ಚುಕ್ಕಿಯಲ್ಲೇ ಮುಗಿಸಿದೆ. ನೀನು ಬಾಗಿಲಿಗೆ ಬಂದು ನಿಂತ ದಿನ ಬೀದಿಯವರ ಮುಂದೆ ನಾನು ಸುಳ್ಳುಗಾರನಾಗುತ್ತೇನೆ. ಅತ್ತಿಗೆ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ. ಆಗಲಿ. ಅವ್ವ ಹಾರನ್ನಿಗೆ ಎದ್ದು ಹೋಗುವುದನ್ನು ಇನ್ನು ನೋಡಲಾರೆ. ಬಾ.